ಅಕ್ಕನ ಟ್ರಕ್ಕಿನ ಸುಟ್ಟ ಎಣ್ಣೆ

ಎಣ್ಣೆ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿದಿತ್ತು. ಆದರೂ ಅಕ್ಕನಿಗೆ ಹೇಳಲಿಲ್ಲ. ಬಾಯಿ ಬಿಟ್ಟಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿದ್ದ ಸಂಗತಿ ಎಲ್ಲಿಗೆ ಹೋಗಿ ಮುಟ್ಟಿತೆಂದು ನಿಮಗೆ ಹೇಳಬೇಕು.

ನಮ್ಮಕ್ಕನ ಎಡಗಾಲಿಗೆ ಚಿಕ್ಕಂದಿನಿಂದ ಬಲವಿಲ್ಲ, ಕ್ಲಚ್ ತುಳಿಯಲಾಗದು. ಅದಕ್ಕೇ ಅವಳು ಊರೂರು ವಿಚಾರಿಸಿ, ಕ್ಲಚ್ ಇಲ್ಲದ, ಗೇರು ತಾನಾಗಿಯೇ ಬದಲಾಗುವ ಹಳೆಯ ಪಿಕಪ್ ಟ್ರಕ್ಕೊಂದನ್ನು ಕೊಂಡಳು. ಕೊಪ್ಪದ ಸುತ್ತಲಿನ ತೋಟಗಳ ಎಳನೀರನ್ನು ಮದ್ದೂರಿನ ಮಾರುಕಟ್ಟೆಗೆ ಸಾಗಿಸುವುದು ಅವಳ ಕಸುಬು. ಮನೆಯೊಳಗೆ ಗೋಡೆ ಹಿಡಿದು ನಡೆಯುವವಳು ಸ್ಟೀರಿಂಗ್ ಹಿಡಿದಳೆಂದರೆ ಬಸ್ಸಿನವರೂ ಪಕ್ಕಕ್ಕೆ ಸರಿಯಬೇಕು.

"ಇದೇನಕ್ಕ, ಕ್ಲಚ್ಚೇ ಇಲ್ಲ? ದೊಡ್ಡ ಸ್ಕೂಟ್ರು ಕಣಕ್ಕ ಇದು" ಎಂದು ಅದು ಮನೆಗೆ ಬಂದ ದಿನ ನಾನು ಅಣಕಿಸಿದ್ದೆ.

"ನಿನ್ ಟ್ರ್ಯಾಕ್ಟ್ರಿಗಿಂತ ಬುದ್ಧಿ ಜಾಸ್ತಿ ಐತೆ ಕಣ್ಲಾ ಇದ್ಕೆ. ನಿನ್ಗಿಂತಲೂ."

ಅಂಥ ಬುದ್ಧಿವಂತ ಗಾಡಿಯನ್ನು ನಾನು ಎತ್ತಿನಂತೆ ದುಡಿಸಿದೆ. ಕಬ್ಬು ಕಡಿಸಿದ್ದ ದಿನ, ತುಂಬಿದ ಟ್ರೈಲರ್ ಗದ್ದೆಯಂಚಿನ ಕೆಸರಿನಲ್ಲಿ ಹೂತಿತು, ನನ್ನ ಟ್ರ್ಯಾಕ್ಟರ್ ಒಂದರಿಂದಲೇ ಎಳೆಯಲಾಗಲಿಲ್ಲ. ಅಕ್ಕ ಬಸ್ಸು ಹತ್ತಿ ಮಳವಳ್ಳಿಯ ನೆಂಟರ ಮನೆಗೆ ಹೋಗಿದ್ದಳು. 'ಇದು ಎಳೆಯೋ ಗಾಡಿ ಅಲ್ಲ' ಎಂದು ಅವಳು ಹಿಂದೊಮ್ಮೆ ಹೇಳಿದ್ದು ನೆನಪಿದ್ದೂ, ಗೋಡೆಯ ಮೊಳೆಯಿಂದ ಕೀಲಿ ತೆಗೆದುಕೊಂಡು ಬಂದು ಟ್ರಕ್ಕಿಗೆ ಸರಪಳಿ ಬಿಗಿದೆ. ಟ್ರ್ಯಾಕ್ಟರ್ ಓಡಿಸಿದ ಕೈ ನೋಡಿ. ಗೇರನ್ನು ಒಮ್ಮೆ ಮುಂದಕ್ಕೆ ಹಾಕಿ, ಒಮ್ಮೆ ಹಿಂದಕ್ಕೆ ಹಾಕಿ ಆಕ್ಸಿಲರೇಟರ್ ಒತ್ತುತ್ತಲೇ ಇದ್ದೆ. ಎಂಜಿನ್ ಅರಚಿತು, ಚಕ್ರ ಕದಲಲಿಲ್ಲ. ವಾಸನೆ ಬಂದದ್ದು ಆಗಲೇ. ಕೊನೆಗೆ ಪಕ್ಕದ ಗದ್ದೆಯವನು ತನ್ನ ಟ್ರ್ಯಾಕ್ಟರ್ ತಂದು ಟ್ರೈಲರನ್ನು ಎಳೆದ. ನಾನು ಟ್ರಕ್ಕಿನ ಕೆಸರು ತೊಳೆದು, ಕೀಲಿಯನ್ನು ಮೊಳೆಗೆ ಸಿಕ್ಕಿಸಿದೆ.

ಮಾರನೆಯ ದಿನ ಎಳನೀರು ತುಂಬಿದ್ದ ಟ್ರಕ್ಕು ಮದ್ದೂರಿನ ದಾರಿಯಲ್ಲಿ ನಿಂತುಹೋಯಿತು. ಮಂಡ್ಯಕ್ಕೆ ಎಳೆಸಿಕೊಂಡು ಹೋದೆವು.

ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಿ ಟಾರ್ಕ್ ಕನ್ವರ್ಟರ್ ಎಂಬ ಗುಂಡನೆಯ ಡಬ್ಬಿಯನ್ನು ತೋರಿಸಿದ. ಅದರೊಳಗೆ ಎದುರುಬದುರಾಗಿ ಎರಡು ಫ್ಯಾನುಗಳಂತೆ ಏನೋ ಇವೆ, ನಡುವೆ ಎಣ್ಣೆ. ಒಂದು ತಿರುಗಿ ಎಣ್ಣೆಯನ್ನು ತಳ್ಳಿದರೆ ಇನ್ನೊಂದು ತಿರುಗುತ್ತದೆ. ಹೊರಡುವಾಗ ಅಷ್ಟು ದೊಡ್ಡ ಗಾಡಿ ಆ ಎಣ್ಣೆಯ ನಂಬಿಕೆಯ ಮೇಲೆಯೇ ಕದಲುತ್ತದೆಂದರೆ, ಏಳನೇ ತರಗತಿ ದಾಟದ ನನಗೆ ಸೋಜಿಗವಾಯಿತು. ಚಕ್ರ ತಿರುಗದೆ ಎಂಜಿನ್ ಮಾತ್ರ ತಿರುಗಿದರೆ ಶಕ್ತಿಯೆಲ್ಲ ಕಾವಾಗಿ ಎಣ್ಣೆ ಸುಡುತ್ತದಂತೆ.

"ಎಣ್ಣೆ ಕರ್ರಗಾಗೈತೆ. ಯಾರಮ್ಮ ಓಡ್ಸೋದು ಇದ್ನ?"

"ನಾನೇ ಕಣಪ್ಪ" ಎಂದಳು ಅಕ್ಕ. ನಾನು ಪಕ್ಕದಲ್ಲೇ ನಿಂತಿದ್ದೆ.

ಕನ್ವರ್ಟರ್ ಹೊಸದಾಯಿತು. ಮೊದಲಿಗಿಂತ ದೊಡ್ಡ ಕೂಲರ್ ಕೂರಿಸಿದರು. ಕಾದ ಎಣ್ಣೆ ಅದರೊಳಗೆ ಹರಿದು, ಗಾಳಿಗೆ ತಣಿದು ಮರಳುತ್ತದೆ. ಕಾವು ತೋರಿಸುವ ಮೀಟರೂ ಬಂತು. ಟ್ರಕ್ಕಿಗೆ ತನ್ನ ಬಿಸಿಯನ್ನು ಹೊರಹಾಕಲು ದಾರಿಯಾಯಿತು. ನನಗೆ ದಾರಿಯಿರಲಿಲ್ಲ ಎನ್ನಲಾರೆ. ಅಕ್ಕ ದಿನವೂ ಎದುರಿಗೇ ಕೂತು ಮುದ್ದೆ ಬಡಿಸುತ್ತಿದ್ದಳು.

ಮಾರುಕಟ್ಟೆಯವರು ಮಾತ್ರ ಸುಮ್ಮನಿರಲಿಲ್ಲ. "ಎಂಗಸ್ರ ಕೈಗೆ ಗಾಡಿ ಕೊಟ್ರೆ ಇನ್ನೇನಾದದು?" ಎಂದು ನಕ್ಕರು. ಯಾರಿಗೂ ಜಗ್ಗದ ಅಕ್ಕ ಈ ಸಲ ತಲೆ ತಗ್ಗಿಸಿದಳು. ಟ್ರಕ್ಕು ಮನೆಗೆ ಬಂದ ದಿನ ಅದನ್ನು ಹತ್ತಲಿಲ್ಲ. ಬಾಗಿಲಿಗೊರಗಿ ನಿಂತು ಕೀಲಿಯನ್ನು ನನ್ನತ್ತ ಚಾಚಿದಳು.

"ತಕಳ್ಲಾ. ಇನ್ಮೇಲೆ ನೀನೇ ಓಡ್ಸು. ಈ ಕಾಲಿಟ್ಕೊಂಡು ನಂಗ್ಯಾಕ್ ಬೇಕಿತ್ತು ಗಾಡಿ ಆಸೆ? ಏನ್ ತುಳಿಯಕ್ಕೋಗಿ ಏನ್ ತುಳಿದ್ನೋ."

ತನ್ನ ಕಾಲನ್ನು ಅವಳು ಹಾಗೆ ಬೈದುಕೊಂಡದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೀಲಿಯನ್ನು ಅವಳ ಅಂಗೈಯಲ್ಲೇ ಇಟ್ಟು ಬೆರಳು ಮಡಚಿದೆ.

"ನೀನಲ್ಲ ಕಣಕ್ಕ, ಕೆಡ್ಸಿದ್ದು ನಾನು. ನೀ ಮಳವಳ್ಳಿಗೋಗಿದ್ದಾಗ ಕಬ್ಬಿನ್ ಟ್ರೈಲರ್‌ಗೆ ಕಟ್ಟಿ ಎಳುಸ್ದೆ. ಸುಟ್ ವಾಸ್ನೆ ಬಂತು, ನಿಂಗೇಳ್ನಿಲ್ಲ. ಎಲ್ರೂ ನಿನ್ನ ಆಡ್ಕೊಂಡಾಗ್ಲೂ ಸುಮ್ಕಿದ್ದೆ. ನಿನ್ ಕಾಲಿನ್ದೇನೂ ತಪ್ಪಿಲ್ಲ. ನಂದೇ ತಪ್ಪಾಯ್ತು, ಅಕ್ಕ."