ಪಾಡ್ಯದ ಒಂಬತ್ತು ಜೋಡು

ಬೈಲಹೊಂಗಲದ ಪೇಟೆ ಓಣಿಯಲ್ಲಿ, ಸಾವಕಾರ ಬಸವಣ್ಣೆಪ್ಪನ ಮನೆಯ ಮುಂದೆ ಆರಡಿ ಅಗಲದ ಅಂಗಡಿಯೊಂದಿತ್ತು. ಅದರಲ್ಲಿ ಕೂತು ಲಗಮಣ್ಣ ಇಪ್ಪತ್ತೆರಡು ವರ್ಷ ಚಪ್ಪಲಿ ಹೊಲಿದ. ಸಂಗೊಳ್ಳಿಯ ರೈತರು ಒಮ್ಮೆ ಪಾದ ತೋರಿಸಿ ಹೋದರೆ ಸಾಕು, ಮುಂದಿನ ಸಂತೆಗೆ ಜೋಡು ತಯಾರು. ದಾರ ಹಿಡಿದು ಅಳತೆ ತೆಗೆಯುವವರನ್ನು ಕಂಡರೆ ಅವನಿಗೆ ನಗು ಬರುತ್ತಿತ್ತು.

ಸಂಪಗಾಂವದಲ್ಲಿ ಅವನ ಅಪ್ಪ ರೈತರಿಗೆ ಜೋಡು ಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ತರುತ್ತಿದ್ದ. ಬೆಲೆಯ ಮಾತು ನಡುವೆ ಬರುತ್ತಲೇ ಇರಲಿಲ್ಲ. ಆ ರೂಢಿಯನ್ನೇ ಲಗಮಣ್ಣ ಪೇಟೆಗೂ ತಂದ. ಪ್ರತಿ ದೀಪಾವಳಿ ಪಾಡ್ಯಕ್ಕೆ ಸಾವಕಾರನ ಮನೆಯ ಒಂಬತ್ತು ಜನರಿಗೂ ಹೊಸ ಜೋಡು ಹೊಲಿದು ಬಾಗಿಲ ಮುಂದೆ ಇಟ್ಟು ಬರುತ್ತಿದ್ದ. ಪಕ್ಕದ ದರ್ಜಿ ಅಂದಾನೆಪ್ಪ ಕೊಡುತ್ತಿದ್ದ ಬಾಡಿಗೆಗಿಂತ ಅದು ಹೆಚ್ಚೇ ಆಗುತ್ತಿತ್ತು. ಆದರೆ ಅದನ್ನು ಬಾಡಿಗೆ ಎಂದು ಕರೆದರೆ ಸಾವಕಾರನ ಉಪಕಾರ ಮರೆತಂತೆ ಎಂದು ಲಗಮಣ್ಣ ನಂಬಿದ್ದ.

೧೯೭೪ರಲ್ಲಿ ಓಣಿ ಅಗಲ ಮಾಡುವ ಹುಕುಂ ಬಂತು. ಜಾಗ ಕಳೆದುಕೊಂಡ ಮಾಲೀಕರಿಗೆ ಪರಿಹಾರ, ಬಾಡಿಗೆದಾರರಿಗೆ ಬಸ್ ನಿಲ್ದಾಣದ ಹಿಂದೆ ಹೊಸ ಮಳಿಗೆ ಎಂದು ಡಂಗುರ ಸಾರಿದರು. ಅಳತೆಯವರು ಎಳೆದ ಸುಣ್ಣದ ಗೆರೆ ಲಗಮಣ್ಣನ ಅಂಗಡಿಯನ್ನೆಲ್ಲ ಒಳಗೆ ಹಾಕಿಕೊಂಡು ಹಿಂದಿನ ಗೋಡೆಗೇ ಬಂದು ನಿಂತಿತು.

"ಈ ಅಂಗಡಿ ಯಾರ್ದು?" ಎಂದು ಅಳತೆಯ ಸಾಹೇಬ ಕೇಳಿದ.

ಬಸವಣ್ಣೆಪ್ಪ ಪಕ್ಕದಲ್ಲೇ ನಿಂತಿದ್ದ. ಲಗಮಣ್ಣ ಎದ್ದು ಕೈಮುಗಿದು, "ಸಾವಕಾರ್ರದುರಿ" ಎಂದ.

"ನೀ ಬಾಡಿಗಿ ಕೊಡ್ತಿಯೇನು?"

"ಎಲ್ಲೀ ಬಾಡಿಗಿರಿ! ಅವರ ನೆರಳಾಗ ಕುಂತೇನಿ, ಅಷ್ಟ."

ಬಸವಣ್ಣೆಪ್ಪನಿಗೆ ಆ ಮಾತು ಹಿತವಾಗಿ ಕೇಳಿತು. ತಿದ್ದುವ ಗೋಜಿಗೆ ಹೋಗಲಿಲ್ಲ. ಸಾಹೇಬ ಬರೆದುಕೊಂಡ ಕಾಗದಕ್ಕೆ ಬಸವಣ್ಣೆಪ್ಪ ಸಹಿ ಹಾಕಿ ಒಳಗೆ ಹೋದ. ಅಂದಾನೆಪ್ಪ ಮಾತ್ರ ಬಾಡಿಗೆಯ ಚೀಟಿಗಳ ಕಟ್ಟನ್ನೇ ತಂದು ತೋರಿಸಿದ. ಇಂಥ ಜಾಣತನ ಲಗಮಣ್ಣನಿಗೆ ಯಾರು ಕಲಿಸಬೇಕಿತ್ತು?

ಶ್ರಾವಣದಲ್ಲಿ ಮಳಿಗೆಯ ಪಟ್ಟಿ ಅಂಟಿಸಿದರು. ಅಂದಾನೆಪ್ಪ ಹದಿನಾಲ್ಕು ಹೆಸರನ್ನೂ ಓದಿ ಹೇಳಿದ. ಲಗಮಣ್ಣ ಇನ್ನೊಮ್ಮೆ ಓದಿಸಿದ.

"ಹೋಗಿ ಕೇಳ್ರಿ. ಇಷ್ಟ್ ವರ್ಷ ನಾವೇನ ಪುಕ್ಕಟ ಕುಂತೇವೇನು?" ಎಂದಳು ಹೆಂಡತಿ ಸೀತವ್ವ. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಸಿಟ್ಟಿತ್ತು.

ಬಸವಣ್ಣೆಪ್ಪ ಕೆಟ್ಟವನಲ್ಲ, ತಾನೇ ಜೊತೆಗೆ ಕಚೇರಿಗೆ ಬಂದ. "ಈತ ವರ್ಷಾ ಜೋಡು ಕೊಡ್ತಾನ್ರಿ ಸಾಹೇಬ್ರ. ಅದ ಅವನ ಬಾಡಿಗಿ" ಎಂದ.

ಸಾಹೇಬ ಕಾಗದ ತೆಗೆದು ಮುಂದಿಟ್ಟ. "ಬಾಡಿಗಿದಾರ ಇಲ್ಲ ಅಂತ ನಿಮ್ಮ ಸಹಿ ಐತಿ. ಇವನೂ ಹಂಗ ಹೇಳ್ಯಾನ. ಜೋಡಿಗೆ ಪಾವತಿ ಚೀಟಿ ಏನರ ಐತೇನ್ರಿ?"

ಬಸವಣ್ಣೆಪ್ಪ ತನ್ನ ಕಾಲಲ್ಲಿದ್ದ ಜೋಡಿನ ಕಡೆ ನೋಡಿಕೊಂಡ. ಇದ್ದ ಪಾವತಿ ಅದೊಂದೇ. ಅದನ್ನು ಮೇಜಿನ ಮೇಲೆ ಇಡುವಂತಿರಲಿಲ್ಲ.

"ಪಟ್ಟಿ ಮ್ಯಾಲಿನ ಕಚೇರಿಗೆ ಹೋಗೇತ್ಪಾ. ನನ್ನ ಕೈಯಾಗ ಏನೂ ಇಲ್ಲ" ಎಂದು ಸಾಹೇಬ ಲಗಮಣ್ಣನಿಗೆ ಹೇಳಿದ. ಅವನ ದನಿಯಲ್ಲಿ ಮರುಕವೇ ಇತ್ತು. ಬೈದಿದ್ದರೆ ಲಗಮಣ್ಣನಿಗೆ ಕೊಂಚ ಹಗುರಾಗುತ್ತಿತ್ತೋ ಏನೋ. ಯಾರ ಮೇಲೆ ಸಿಟ್ಟಾಗಬೇಕು ಎಂಬುದೂ ತಿಳಿಯದೆ ಅವನು ಹೊರಗೆ ಬಂದ.

ದಸರೆ ಮುಗಿದ ವಾರ ಅಂಗಡಿ ಕೆಡವಿದರು. ಚರ್ಮ ಕುಟ್ಟುವ ಕಲ್ಲನ್ನು ತಲೆಯ ಮೇಲೆ ಹೊತ್ತು ಲಗಮಣ್ಣ ಯರಗಟ್ಟಿ ರಸ್ತೆಯ ಬೇವಿನ ಮರದ ಕೆಳಗೆ ಹೋಗಿ ಕೂತ. ಸಂಗೊಳ್ಳಿಯ ರೈತರು ಹಳೆಯ ಜಾಗದಲ್ಲಿ ಹುಡುಕಿ, ಅವನನ್ನು ಕಾಣದೆ ಹೊಸ ಮಳಿಗೆಗಳಲ್ಲಿ ಸಿದ್ಧ ಚಪ್ಪಲಿ ಕೊಂಡು ಹೋದರು. ಹಗಲೆಲ್ಲ ಅವನು ಬೇರೊಂದು ಕೆಲಸದಲ್ಲಿ ತೊಡಗಿದ್ದ.

ಪಾಡ್ಯದ ಬೆಳಿಗ್ಗೆ ಅವನು ಒಂಬತ್ತು ಜೋಡನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಸಾವಕಾರನ ಬಾಗಿಲ ಮುಂದೆ ಸಾಲಾಗಿ ಇಟ್ಟ. ಬಸವಣ್ಣೆಪ್ಪ ಬರಿಗಾಲಲ್ಲಿ ಹೊರಗೆ ಬಂದು ಅಲ್ಲೇ ನಿಂತುಬಿಟ್ಟ.

"ಇನ್ಯಾಕೋ ಲಗಮಣ್ಣ? ಅಂಗಡೀನ ಇಲ್ಲಲ್ಲೋ."

"ದಸರಾ ತನಕಾ ಕುಂತಿದ್ನಲ್ಲರಿ ಸಾವಕಾರ್ರ" ಎಂದ ಲಗಮಣ್ಣ, ತಲೆ ಎತ್ತದೆ. "ಬಾಡಿಗಿರಿ."

ಇಪ್ಪತ್ತೆರಡು ವರ್ಷಗಳಲ್ಲಿ ಆ ಜೋಡುಗಳನ್ನು ಅವನು ಬಾಡಿಗೆ ಎಂದು ಕರೆದದ್ದು ಅದೇ ಮೊದಲು.