ಕನ್ನಡಿ ತುಂಬ ಭಂಡಾರ

ಗೆಳೆಯರೇ, ನಾಡಿದ್ದು ನನ್ನ ಡ್ರೈವಿಂಗ್ ಟೆಸ್ಟ್. ಇವತ್ತೇ ಟ್ರ್ಯಾಕ್ಟರ್ ಕೆಳಗೆ ಹೋಗುವವಳಿದ್ದೆ!

ವಿದ್ಯಾಗಿರಿ ಬಡಾವಣೆಯಲ್ಲಿ ಕಾಕಾನ ಕಾರು ಓಡಿಸುತ್ತಿದ್ದೆ. ಪಕ್ಕದಲ್ಲಿ ಕಾಕಾ. ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿ ನನ್ನ ಬಾಗಿಲ ಹೊರಗಿನ ಕನ್ನಡಿ ನೋಡಿದರೆ ಬರೀ ಹಳದಿ! ನಿನ್ನೆ ಬೀರಪ್ಪನ ಗುಡಿಯಲ್ಲಿ ಗಾಡಿ ಪೂಜೆ ಮಾಡಿಸಿದಾಗ ಬಳಿದ ಭಂಡಾರ, ಅಂದರೆ ದೇವರ ಅರಿಶಿನಪುಡಿ.

"ಕಾಕಾ, ಹಿಂದ ಏನೂ ಕಾಣವಲ್ದು!"

"ಸಿಗ್ನಲ್ ಹಾಕೀಯಲ್ಲ? ಹಿಂದಿನವ್ರು ನೋಡ್ಕೋತಾರ. ತಿರಗಸು."

ತಿರುಗಿಸಿದೆ. ಕಬ್ಬಿನ ಟ್ರ್ಯಾಕ್ಟರೊಂದು ನನ್ನ ಬಾಗಿಲಿಗೆ ಗೇಣು ದೂರದಲ್ಲಿ ಕಿರುಚಿ ನಿಂತಿತು. ಕನ್ನಡಿ ಒರೆಸಲು ದುಪ್ಪಟ್ಟಾ ಎತ್ತಿದರೆ ಕಾಕಾ ಕೈ ಹಿಡಿದುಬಿಟ್ಟ.

"ಒರಸಬ್ಯಾಡವಾ! ಅದರಿಂದನ ಈಗ ಉಳದೀವಿ!"

"ಏನ್ರಿ ಅಕ್ಕಾರ, ಹಿಂದ ಮುಂದ ನೋಡೂದಿಲ್ಲೇನ್ರಿ?" ಎಂದು ಕೂಗುತ್ತ ಬಂದ ಟ್ರ್ಯಾಕ್ಟರ್ ಡ್ರೈವರ್ ಕನ್ನಡಿ ಕಂಡು ಕೈ ಮುಗಿದ. ಬೆರಳಿನಿಂದ ಚೂರು ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡ. "ದೇವ್ರು ದೊಡ್ಡಾಂವ್ರಿ" ಎಂದು ಹೊರಟೇ ಹೋದ.

ಅವನ ಬೆರಳು ತಾಗಿದಲ್ಲಿ ಈಗ ಕಡಲೆಕಾಳಿನಷ್ಟು ಕನ್ನಡಿ ಕಾಣುತ್ತಿದೆ. ನಾಡಿದ್ದು ಟೆಸ್ಟಿನಲ್ಲಿ ನಾನು ಹಿಂದೆ ನೋಡಬೇಕಾದದ್ದು ಅಷ್ಟರಲ್ಲೇ.