ಮಡಚದ ಕಾಲು

ನನ್ನ ಮೊಮ್ಮಗಳು ಇವತ್ತು ಕಟ್ಟೆ ಹಿಡಿದು ತಾನಾಗಿ ಎದ್ದು ನಿಂತಳು. ಹಿಗ್ಗು ತಡೆಯಲಾಗದೆ ಓಣಿಯವರನ್ನೆಲ್ಲ ಕರೆದು ತೋರಿಸಿದೆ. ತೋರಿಸುತ್ತ ಎದುರುಮನೆಯ ಕಟ್ಟೆಯ ಕಡೆಗೂ ನೋಡಿಬಿಟ್ಟೆ. ಅಲ್ಲಿ ಯಾರೂ ಇಲ್ಲ. ಈ ಕೂಸು ಹುಟ್ಟಿದ ದಿನವೇ ನನ್ನ ಗೆಳೆಯ ಹೋದ. ನನ್ನ ಬರವಣಿಗೆ ಅಷ್ಟಕ್ಕಷ್ಟೇ, ಆದರೂ ಆ ದಿನದ್ದನ್ನು ಬರೆದಿಡುತ್ತೇನೆ.

ಅವನು ಹರೆಯದಲ್ಲಿ ನಿಜಾಮರ ಫೌಜಿನ ಕುದುರೆ ಸವಾರ. ಜಗತ್ತಿನ ಮೊದಲ ದೊಡ್ಡ ಲಡಾಯಿಗೆ ಹಡಗು ಹತ್ತಿ ಹೋಗಿ, ಮೊಣಕಾಲಿಗೆ ಗುಂಡು ತಿಂದು ಭಂಕೂರಿಗೆ ಮರಳಿದ. ಬಲಗಾಲು ಮತ್ತೆ ಮಡಚಲೇ ಇಲ್ಲ. ಅದನ್ನು ನೆಟ್ಟಗೆ ಚಾಚಿಯೇ ಕಟ್ಟೆಯ ಮೇಲೆ ಕೂಡುತ್ತಿದ್ದ. ದೊಡ್ಡವರು ಆ ಕಾಲನ್ನು ದಾಟದೆ ಸುತ್ತಿ ಹೋಗುತ್ತಿದ್ದರು. ಜಗಳ ಬಂದರೆ ಮೊದಲು ಅವನ ಕಟ್ಟೆಗೇ ಬರುತ್ತಿದ್ದರು. ಮಕ್ಕಳಿಗೆ ಮಾತ್ರ ಆ ಕಾಲೇ ಕುದುರೆ. ನನ್ನ ಮಗಳು ಚಿಂಚೋಳಿಯಿಂದ ಹೆರಿಗೆಗೆ ಬಂದಾಗ ಅವನು ಕಾಲು ತಟ್ಟಿ, "ಜಲ್ದಿ ಹಡೀಲಿಕ್ಕ ಹೇಳೋ, ಕುದುರಿ ಮುದಿ ಆಗಾಕತ್ತದ" ಎಂದು ನಕ್ಕಿದ್ದ.

ಬೆಳಗಿನಲ್ಲಿ ಕೂಸು ಹುಟ್ಟಿತು. ಅವನಿಗೆ ಹೇಳಲೆಂದು ಬೆಲ್ಲ ಹಿಡಿದು ಓಣಿ ದಾಟುವಷ್ಟರಲ್ಲಿ ಅವನ ಮನೆಯಿಂದ ಅಳು ಕೇಳಿತು. ನಮ್ಮಲ್ಲಿ ಹೆರಿಗೆಯ ಸೂತಕ ಹಿಡಿಯುವುದಿಲ್ಲ. ಬೆಲ್ಲವನ್ನು ಕಿಸೆಗೆ ಹಾಕಿಕೊಂಡು ಹಾಗೆಯೇ ಒಳಗೆ ಹೋದೆ. ಯಾವ ಮುಖ ಹೊತ್ತು ಕೂಡಬೇಕೋ ತಿಳಿಯಲಿಲ್ಲ.

ನಾವು ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟು, ಕಾಲು ಮಡಚಿ ಕೂಡಿಸುತ್ತೇವೆ. ಕುಣಿ ತೋಡಿದವರು ವಾಡಿಕೆಯಂತೆ ಚೌಕವಾಗಿ ತೋಡಿದ್ದರು. ಅವನ ಕಾಲಿನ ನೆನಪು ಒಬ್ಬರಿಗೂ ಆಗಿರಲಿಲ್ಲ, ನನಗೂ. ಹೊತ್ತು ಇಳಿಯುವಾಗ ಕುಣಿಯ ಅಂಚಿಗೆ ತಂದ ಮೇಲೆಯೇ ಆ ಕಾಲು ಒಳಗೆ ಹಿಡಿಸದೆಂದು ಗೊತ್ತಾಯಿತು.

"ಕೀಲು ಮುರೀಬೇಕು, ಬ್ಯಾರೆ ದಾರಿ ಇಲ್ಲ" ಎಂದರು ಊರ ಹಿರಿಯರು. "ಕತ್ತಲಾಗೂದ್ರಾಗ ಮನಿ ಸೇರಬೇಕು. ದಿನಮಾನ ಭಾಳ ಕೆಟ್ಟದ."

ಅದು ಸುಳ್ಳಲ್ಲ. ಆ ವರ್ಷ ಹಳ್ಳಿಗಳಿಗೆ ನುಗ್ಗಿ ಲೂಟಿ ಮಾಡುತ್ತಿದ್ದ ನಿಜಾಮರ ಕಡೆಯ ದಂಡುಗಳಿಗೆ ಅಂಜಿ, ದೀಪ ಹಚ್ಚುವ ಹೊತ್ತಿಗೇ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು.

ಅವನ ಹೆಂಡತಿ ಆ ಕಾಲನ್ನು ತಬ್ಬಿಕೊಂಡಳು. "ಮುಟ್ಟಬ್ಯಾಡ್ರಿ! ಲಡಾಯ್ಯಾಗ ಒಮ್ಮೆ ಮುರದಾರ. ಈಗ ನೀವೂ ಮುರೀತೀರೇನು? ಅಣ್ಣಾ, ನೀವರೆ ಹೇಳ್ರಿ!"

"ಅವ ಕುಂದ್ರತಿದ್ದದ್ದೇ ಹಂಗಲ್ರಿ," ಎಂದೆ. "ಕಾಲಿಗಿಷ್ಟು ಜಾಗ ತೋಡೂಣು."

"ಮಣ್ಣಲ್ಲೋ ಅದು, ಕೆಳಗ ಫರಸಿಕಲ್ಲದ!" ಎಂದು ಹಿರಿಯರು ಗದರಿದರು.

"ಭಂಕೂರದವ್ರು ಕಲ್ಲಿಗಿ ಯಾವಾಗ ಅಂಜೇವ್ರಿ?" ಎಂದೆ.

ಯಾರೂ ಮಿಸುಕಲಿಲ್ಲ. ನಾನೇ ಇಳಿದು ಹಾರೆ ಹಾಕಿದೆ. ಆಮೇಲೆ ಕಲ್ಲಿನ ಖಣಿಯಲ್ಲಿ ದುಡಿಯುವವನೊಬ್ಬ ಇಳಿದ, ಚಿಕ್ಕವನಿದ್ದಾಗ ಆ ಕುದುರೆ ಏರಿದವನು. ಹಿಂದೆಯೇ ಮತ್ತಿಬ್ಬರು. ಸುತ್ತಿಗೆಯ ಪ್ರತಿ ಪೆಟ್ಟಿಗೂ ದಾರಿಯ ಕಡೆ ನೋಡುತ್ತಿದ್ದೆವು, ಯಾರಾದರೂ ಸದ್ದು ಕೇಳಿ ಬಂದಾರೆಂದು. ಕಲ್ಲು ಹಾಸುಹಾಸಾಗಿ ಎದ್ದು, ಹೊತ್ತು ಮುಳುಗುವ ಮುನ್ನ ಒಂದು ಕಾಲಿನಷ್ಟು ಜಾಗವಾಯಿತು. ಮಠದ ಅಯ್ಯನವರು ಅವನ ಅಂಗೈಗೆ ಲಿಂಗ ಇಟ್ಟರು. ಕಿಸೆಯಲ್ಲಿ ಕರಗಿದ್ದ ಬೆಲ್ಲವನ್ನು ನಾನು ಪತ್ರಿಯ ಜೊತೆ ಇಟ್ಟೆ. ಕಟ್ಟೆಯ ಮೇಲೆ ಕೂತಂತೆಯೇ ಕೂತಿದ್ದ.

ಹಿರಿಯರು ಮಾತ್ರ "ಇದು ಪದ್ಧತಿ ಅಲ್ಲ" ಎಂದು ಮಣ್ಣು ಹಾಕದೆಯೇ ನಡೆದರು. ಅದು ಇನ್ನೂ ಚುಚ್ಚುತ್ತದೆ.

ಈಗ ಮೊಮ್ಮಗಳು ನನ್ನ ಕಾಲು ಹತ್ತುತ್ತಾಳೆ. ಚಾಚಿ ಹಿಡಿಯುತ್ತೇನೆ. ತುಸು ಹೊತ್ತಿಗೇ ಮೊಣಕಾಲು ಮಡಚಿ, ಅವಳು ಜಾರಿ ಕಿಲಕಿಲ ನಗುತ್ತಾಳೆ. ಎದುರಿನ ಬಾಗಿಲಲ್ಲಿ ನಿಂತ ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನಿಮ್ಮ ಕುದುರಿಗಿ ತಾಕತ್ತಿಲ್ರಿ, ಅಣ್ಣಾ" ಎನ್ನುತ್ತಾಳೆ.